ಮುಳುಗದ ಮೆಟ್ಟಿಲು: ಹಡಗಿನ ಒಗಟು ಮತ್ತು ಗಡಿಯ ಕನ್ನಡ

ಕನ್ನಡ ಎಂ.ಎ. ವಿದ್ಯಾರ್ಥಿಯಾಗಿ ಇವತ್ತು ನಾನು ಮಾತಾಡ್ತಿರೋದು ಒಂದು ಸಣ್ಣ ಒಗಟಿನ ಬಗ್ಗೆ. ಗೊತ್ತಿದ್ದವರೂ ಇನ್ನೊಮ್ಮೆ ಕೇಳ್ರಿ.

ಬಂದರಿನಲ್ಲಿ ತೇಲುತ್ತಿರುವ ಹಡಗಿಗೆ ಕಟ್ಟಿದ ಹಗ್ಗದ ಏಣಿಗೆ ಹತ್ತು ಮೆಟ್ಟಿಲು. ಮೆಟ್ಟಿಲಿಂದ ಮೆಟ್ಟಿಲಿಗೆ ಒಂದು ಅಡಿ. ಕೆಳಗಿನ ಮೆಟ್ಟಿಲು ನೀರಿಗೆ ತಾಗಿದೆ. ಉಬ್ಬರದಲ್ಲಿ ನೀರು ಗಂಟೆಗೆ ಅರ್ಧ ಅಡಿ ಏರುತ್ತದೆ. ನಾಲ್ಕು ಗಂಟೆಯ ಮೇಲೆ ಎಷ್ಟು ಮೆಟ್ಟಿಲು ಮುಳುಗಿರುತ್ತವೆ?

ಲೆಕ್ಕ ಹಾಕಿದವರು ಎರಡು ಅಂತಾರೆ. ಸರಿಯುತ್ತರ, ಒಂದೂ ಇಲ್ಲ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ ಅನ್ನೋದು ಆರ್ಕಿಮಿಡೀಸ್ ಹೇಳಿದ ಮಾತು. ಉಬ್ಬರದಿಂದ ಹಡಗಿನ ತೂಕ ಹೆಚ್ಚೋದಿಲ್ಲ. ಹಾಗಾಗಿ ನೀರಿನ ಜೊತೆ ಹಡಗೂ, ಹಡಗಿನ ಜೊತೆ ಏಣಿಯೂ ಮೇಲೇರುತ್ತವೆ. ಸರಕು ತುಂಬಿದರೆ, ಅಥವಾ ಉಪ್ಪುನೀರಿನಿಂದ ಸಿಹಿನೀರಿಗೆ ಬಂದರೆ, ಆಗ ಹಡಗು ಸ್ವಲ್ಪ ಕೆಳಗಿಳಿಯುತ್ತದೆ.

ನಮ್ಮ ಜನಪದ ಒಗಟು ವಸ್ತುವನ್ನು ರೂಪಕದಲ್ಲಿ ಮುಚ್ಚಿಡುತ್ತದೆ. ಈ ಒಗಟು ಏನನ್ನೂ ಮುಚ್ಚಿಡೋದಿಲ್ಲ. ಉತ್ತರ ‘ಹಡಗಿಗೆ ಕಟ್ಟಿದ’ ಅನ್ನೋ ಎರಡು ಪದಗಳಲ್ಲೇ ಇದೆ. ಆದರೆ ಕನ್ನಡದಲ್ಲಿ ಕೃದಂತ ವಿಶೇಷಣ ನಾಮಪದಕ್ಕಿಂತ ಮುಂಚೆ ಬರುತ್ತದೆ. ಆಮೇಲೆ ಹತ್ತು, ಒಂದು, ಅರ್ಧ, ನಾಲ್ಕು ಅಂತ ಸಂಖ್ಯೆಗಳು ಸಾಲಾಗಿ ಬಂದಾಗ ಕೇಳುಗರು ಆ ಚತುರ್ಥಿ ವಿಭಕ್ತಿಯನ್ನು ಮರೆತುಬಿಡುತ್ತಾರೆ. ‘ಹಡಗಿಗೆ’ ಬದಲು ‘ಗೋಡೆಗೆ’ ಅಂದ್ರೆ ಅದೇ ಲೆಕ್ಕ ಸರಿಯಾಗುತ್ತದೆ.

ಈಗ ಇದನ್ನು ನಮ್ಮ ಗಡಿಗೆ ತರೋಣ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕಿನ ಹೆಚ್ಚಿನ ಭಾಗ, ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದುವೂ ಕೇಳೋ ಊರುಗಳಿವು. ಸಮುದ್ರ ದೂರ. ಮಾಂಜ್ರಾ, ಕಾಗಿಣಾ ನದಿಗಳು ಮಳೆಗೆ ತುಂಬುತ್ತವೆ, ಉಬ್ಬರಕ್ಕಲ್ಲ. ಇಲ್ಲಿನ ಮಗುವಿಗೆ ‘ಉಬ್ಬರ’ ಅಂದ್ರೆ ಮೊದಲು ಹೊಟ್ಟೆ ಉಬ್ಬರ ನೆನಪಾದರೆ ಆಶ್ಚರ್ಯವಿಲ್ಲ. ತೆಲುಗಿನಲ್ಲಿ ಉಬ್ಬರವಿಳಿತಕ್ಕೆ ‘ಆಟುಪೋಟು’ ಅಂತಾರೆ. ಇಂಥ ಮಗು ‘ಎರಡು’ ಅಂದಾಗ ಅದು ತಪ್ಪಿದ್ದು ಬುದ್ಧಿಯಲ್ಲೋ, ಪದದಲ್ಲೋ, ವಿಭಕ್ತಿಯಲ್ಲೋ? ಇದನ್ನು ಕೇಳದೆ ‘ದಡ್ಡ’ ಅಂದುಬಿಟ್ಟರೆ ಆ ಹೆಸರು ಮಗುವಿಗೆ ಬಹಳ ದಿನ ಅಂಟಿಕೊಳ್ಳುತ್ತದೆ. ಅದಕ್ಕೇ ಈ ಸಣ್ಣ ಒಗಟು ನನಗೆ ಸಣ್ಣದಾಗಿ ಕಾಣೋದಿಲ್ಲ.

ಹಾಗಾದ್ರೆ ಏನು ಮಾಡಬೇಕು? ಒಗಟನ್ನು ಊರಿನ ನೀರಿಗೆ ಇಳಿಸಬೇಕು. ಮಾಂಜ್ರಾ ನದಿಗೆ ಕಟ್ಟಿದ ಸಿಂಗೂರು ಜಲಾಶಯದಲ್ಲಿ ಸುಮಾರು 30 ಟಿಎಂಸಿ ನೀರು ನಿಲ್ಲುತ್ತದೆ. ಹಿಂಗ ಕೇಳಿ ನೋಡ್ರಿ: “ಕಟ್ಟೆಯ ಗೋಡೆ ಮ್ಯಾಲ ಅಡಿ ಗೆರಿ ಬರದದ. ದೋಣಿಯ ಮೈಮ್ಯಾಲೂ ಹಂಗೇ ಗೆರಿ ಬರದದ. ಮಳಿಗೆ ನೀರು ಎರಡು ಅಡಿ ಏರಿತು. ಯಾವ ಗೆರಿ ಮುಳುಗ್ತಾವ?” ಗೋಡೆ ನಿಂತಲ್ಲೇ ಇರುತ್ತದೆ, ದೋಣಿ ಏಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಗು ಸಂಖ್ಯೆ ಬಿಟ್ಟು ‘ಯಾವುದಕ್ಕೆ’ ಅನ್ನೋದನ್ನ ಹಿಡಿಯುತ್ತದೆ. ಭೌತಶಾಸ್ತ್ರವೂ ವ್ಯಾಕರಣವೂ ಒಟ್ಟಿಗೇ ಸಿಗುತ್ತವೆ.

ನನ್ನ ವಾದ ಇಷ್ಟೇ: ಗಡಿಯಲ್ಲಿ ಒಗಟು ಹೇಳುವವರು ಮೊದಲು ತಮ್ಮ ವಾಕ್ಯವನ್ನು ಪರೀಕ್ಷಿಸಬೇಕು, ಆಮೇಲೆ ಮಗುವನ್ನು. ಪ್ರಶ್ನೆಗಳಿದ್ದರೆ ಚರ್ಚೆಯಲ್ಲಿ ನೋಡೋಣ.