ಕಿತ್ತೂರು ದೇಸಾಯರು: ಒಂದು ಮನೆತನದ ರಾಜಕಾರಣ

ಹದಿನೆಂಟನೆಯ ಶತಮಾನದಲ್ಲಿ ಮಲಪ್ರಭೆಯ ಸೀಮೆ ದೇಸಾಯರ ವಾಡೆಗಳ ನಾಡಾಗಿತ್ತು. ಸವದತ್ತಿಯಲ್ಲಿ ಸಿರಸಂಗಿ ದೇಸಾಯರ ಕೋಟೆ, ರಾಮದುರ್ಗದಲ್ಲಿ ಭಾವೆ ಮನೆತನದ ಸಂಸ್ಥಾನ. ಇವುಗಳ ನಡುವೆ ಎದ್ದು ಕಾಣುವ ಹೆಸರು ಕಿತ್ತೂರು.

ಈ ಮನೆತನದ ಮೂಲಪುರುಷರು ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ. ಸಾಗರದ ಕಡೆಯ ಈ ಸಹೋದರರು ವಿಜಾಪುರದ ಆದಿಲಶಾಹಿ ಸೈನ್ಯದಲ್ಲಿ ದುಡಿದು 1585ರ ಹೊತ್ತಿಗೆ ಸಂಪಗಾವಿಯಲ್ಲಿ ನೆಲೆಯಾದರು. ಐದನೆಯ ದೇಸಾಯಿ ಅಲ್ಲಪ್ಪಗೌಡ ರಾಜಧಾನಿಯನ್ನು ಕಿತ್ತೂರಿಗೆ ತಂದ. ಕಂದಾಯ ಎತ್ತುವುದು, ನ್ಯಾಯ ಹೇಳುವುದು, ದಂಡು ಸಾಕುವುದು ದೇಸಗತಿಯ ಹೊಣೆ. ಸೇವೆಗೆ ಪ್ರತಿಯಾಗಿ ಹೊಲ ಪಡೆದ ಶೇತಸನದಿಗಳೇ ಅದರ ಬಲ. ಸಂಗೊಳ್ಳಿ ರಾಯಣ್ಣ ಅವರಲ್ಲೊಬ್ಬ.

ದೊಡ್ಡ ರಾಜ್ಯಗಳ ನಡುವೆ ಬಾಳುವುದು ಸುಲಭವಿರಲಿಲ್ಲ. 1782ರಲ್ಲಿ ಪಟ್ಟಕ್ಕೆ ಬಂದ ಮಲ್ಲಸರ್ಜ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ. 1809ರಲ್ಲಿ ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡಲು ಒಪ್ಪಿದ. ಆದರೂ ಪುಣೆಯಲ್ಲಿ ಬಂಧಿಯಾಗಿ, ಬಿಡುಗಡೆಯಾದ ಮೇಲೆ 1816ರಲ್ಲಿ ತೀರಿಕೊಂಡ. ಮಗ ಶಿವಲಿಂಗರುದ್ರಸರ್ಜ 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಕ್ಷ ವಹಿಸಿ, ಅದರ ಅಧಿಕಾರಿ ಮನ್ರೋನ ಒಪ್ಪಿಗೆಯಿಂದ ಸಂಸ್ಥಾನವನ್ನು ಉಳಿಸಿಕೊಂಡ.

1824ರ ಸೆಪ್ಟೆಂಬರಿನಲ್ಲಿ ಆತ ಸಂತಾನವಿಲ್ಲದೆ ತೀರಿಕೊಂಡಾಗ, ದತ್ತಕ ತೆಗೆದುಕೊಂಡ ಮಾಸ್ತಮರಡಿಯ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತಕಪತ್ರವನ್ನೇ ಶಂಕಿಸಿ ಖಜಾನೆಗೆ ಮುದ್ರೆ ಒತ್ತಿಸಿದ. ಗವರ್ನರ್ ಜನರಲ್ ಡಾಲ್‌ಹೌಸಿ ಇದೇ ನೆಪದಲ್ಲಿ ಸಂಸ್ಥಾನಗಳನ್ನು ನುಂಗುವುದಕ್ಕಿಂತ ಎರಡು ದಶಕಕ್ಕೂ ಮೊದಲಿನ ಮಾತಿದು. ಮನೆತನದ ಹಕ್ಕಿಗಾಗಿ ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮ ಎದ್ದು ನಿಂತಳು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಕಿತ್ತೂರಿನ ಪಡೆಯ ಅಮಟೂರು ಬಾಳಪ್ಪನ ಗುಂಡಿಗೆ ಬಲಿಯಾದ. ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್ಸನ್‌ರನ್ನು ಕಿತ್ತೂರಿನವರು ಜೀವಸಹಿತ ಬಿಟ್ಟುಕೊಟ್ಟರು. ಮುಂದೆ ಇದೇ ವಾಲ್ಟರ್ ಎಲಿಯಟ್ ಕನ್ನಡನಾಡಿನ ನೂರಾರು ಶಾಸನಗಳನ್ನು ಸಂಗ್ರಹಿಸಿದ.

ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಸೆರೆಸಿಕ್ಕ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಕಣ್ಣುಮುಚ್ಚಿದಳು. ಶಿವಲಿಂಗಪ್ಪನನ್ನೇ ಗಾದಿಗೇರಿಸಲು ಹೋರಾಡಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಒಡೆಯರು ಸೆರೆಯಾದ ಮೇಲೂ ರೈತರ ಮಕ್ಕಳು ಆ ಮನೆತನಕ್ಕಾಗಿ ಕತ್ತಿ ಹಿಡಿದರೆಂಬುದೇ ಕಿತ್ತೂರು ದೇಸಗತಿಯ ಹಿರಿಮೆ. ಕಾಗದದ ಸನದಿಗಿಂತ ಜನರ ಋಣ ಗಟ್ಟಿಯಾಗಿತ್ತು.

ಬೆಳಗಾವಿ–ಧಾರವಾಡ ಹೆದ್ದಾರಿಯ ಕಿತ್ತೂರಿನಲ್ಲಿ ಅರಮನೆಯ ಅವಶೇಷಗಳಿವೆ, ವಸ್ತುಸಂಗ್ರಹಾಲಯವಿದೆ. ಪ್ರತಿ ಅಕ್ಟೋಬರಿನಲ್ಲಿ ಉತ್ಸವ ನಡೆಯುತ್ತದೆ. ಅಲ್ಲಿಗೆ ಹೋದವರು ಬೈಲಹೊಂಗಲದ ಚೆನ್ನಮ್ಮನ ಸಮಾಧಿಗೂ ಹೋಗಿ ಬನ್ನಿ. ಮಕ್ಕಳಿಗೆ ರಾಣಿಯ ಕತೆ ಹೇಳುವಾಗ, ಅವಳ ಹಿಂದೆ ನಿಂತಿದ್ದ ಸುಮಾರು 240 ವರ್ಷಗಳ ಮನೆತನವನ್ನೂ ಪರಿಚಯಿಸಿ.