ತಂತಿ ಇರೋದೇ ವಾಸಿ ಸ್ವಾಮಿ!

ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಾಕಿಕೊಂಡು ಊರಿಗೆಲ್ಲ ಹಾಡು ಕೇಳಿಸುವ ಮಹಾಶಯರಿಗೆ 2021ರ ನವೆಂಬರಿನಲ್ಲೇ ಮೂಗುದಾರ ಬಿತ್ತು. ಹೈಕೋರ್ಟು ಹೇಳಿತು, ಕೆ.ಎಸ್.ಆರ್.ಟಿ.ಸಿ. ಸುತ್ತೋಲೆ ಹೊರಡಿಸಿತು: ಬಸ್ಸಿನೊಳಗೆ ಜೋರಾಗಿ ಹಾಡು, ವಿಡಿಯೋ ಹಾಕುವಂತಿಲ್ಲ, ಹೇಳಿದ ಮಾತು ಕೇಳದಿದ್ದರೆ ಕಂಡಕ್ಟರು ಇಳಿಸಬಹುದು. ಆ ಸುತ್ತೋಲೆ ಎಷ್ಟರ ಮಟ್ಟಿಗೆ ನಡೀತಾ ಇದೆ ಅನ್ನೋದು ತುಮಕೂರು-ಬೆಂಗಳೂರು ಬಸ್ಸಿನಲ್ಲಿ ದಿನಾ ಓಡಾಡುವವರಿಗೇ ಗೊತ್ತು. ಅದು ಬಿಡಿ. ಈಗ ಮೊಬೈಲಿನ ಜೊತೆಗೆ ಇನ್ನೊಂದು ಗದ್ದಲ ಸೇರಿಕೊಂಡಿದೆ: ಹುಡುಗರು ಕೈಯಲ್ಲಿ ಹಿಡಿದು ಆಡುವ ಗೇಮ್ ಡಬ್ಬಿ. ಕ್ಯಾತ್ಸಂದ್ರ ದಾಟುವುದರೊಳಗೆ ಇಡೀ ಬಸ್ಸಿಗೆ ಡಿಶುಂ ಡಿಶುಂ. ಪಕ್ಕದ ಸೀಟಿನವರು ಕೆಕ್ಕರಿಸಿಕೊಂಡು ನೋಡುತ್ತಾರೆ. ಅಪ್ಪ ಮರುದಿನ ಮಗನನ್ನು ಕರೆದುಕೊಂಡು ಹೆಡ್‌ಫೋನ್ ತರೋಕೆ ಅಂಗಡಿಗೆ ಹೋಗುತ್ತಾನೆ.

ಅಲ್ಲಿ ಶುರುವಾಗುತ್ತೆ ನೋಡಿ ಪೇಚಾಟ. "ಬ್ಲೂಟೂತ್ ಕೊಡ್ಲಾ ಸಾರ್? ವೈರಿಂದು ಈಗ ಯಾರ್ ತಗೋತಾರೆ?" ಅಂತ ಅಂಗಡಿಯವನು ಮಿಣಮಿಣ ಡಬ್ಬಿ ಮುಂದಿಡುತ್ತಾನೆ. ಮಗನ ಕಣ್ಣು ಅರಳುತ್ತೆ. ಅಪ್ಪನ ಜೇಬು ಸೊರಗುತ್ತೆ.

ತಗೋಬೇಡಿ. ಸಿಟ್ಟಾಗದೆ ಕಾರಣ ಕೇಳಿ.

ಬ್ಲೂಟೂತ್‌ನಲ್ಲಿ ಸದ್ದು ಗಾಳಿಯಲ್ಲಿ ಹಾರಿ ಬರುವ ಮೊದಲು ಮೂಟೆ ಕಟ್ಟಿಸಿಕೊಂಡು, ಈ ಕಡೆ ಬಂದ ಮೇಲೆ ಬಿಚ್ಚಿಸಿಕೊಳ್ಳಬೇಕು. ಅಗ್ಗದ ಮಾಲಿನಲ್ಲಿ ಈ ಕಟ್ಟುವ, ಬಿಚ್ಚುವ ಕೆಲಸಕ್ಕೆ ಸೆಕೆಂಡಿನ ಐದರಲ್ಲೊಂದು ಭಾಗ ಹಿಡಿಯುವುದು ಸಾಮಾನ್ಯ. ಅಷ್ಟೇನಾ ಅನ್ನಬೇಡಿ. ಕ್ರಿಕೆಟ್ ಮೈದಾನದಲ್ಲಿ 70 ಮೀಟರ್ ದೂರದ ಬೌಂಡರಿ ಗೆರೆ ಹತ್ತಿರ ನಿಂತವನಿಗೆ ಬ್ಯಾಟು ಬೀಸಿದ್ದು ಮೊದಲು ಕಾಣುತ್ತೆ, ಟಕ್ ಅನ್ನೋದು ಆಮೇಲೆ ಕೇಳುತ್ತೆ. ಹೆಚ್ಚುಕಮ್ಮಿ ಅಷ್ಟೇ ತಡ. ಹಾಡು ಕೇಳುವವನಿಗೆ ಇದರಿಂದ ನಷ್ಟ ಇಲ್ಲ. ಸಿನಿಮಾ ನೋಡುವವನಿಗೆ ಮೊಬೈಲೇ ಎಷ್ಟೋ ಸಲ ಚಿತ್ರವನ್ನೂ ತಡಮಾಡಿ ಸರಿದೂಗಿಸುತ್ತೆ. ಆಟಕ್ಕೆ ಆ ಸೌಲಭ್ಯ ಇಲ್ಲ. ಗುಂಡಿ ಒತ್ತಿದ ಕ್ಷಣವೇ ಸದ್ದು ಬರಬೇಕು. ತಂತಿಯಲ್ಲಿ ಈ ತಕರಾರೇ ಇಲ್ಲ. ಕಡಿಮೆ ತಡದ ಬ್ಲೂಟೂತೂ ಉಂಟು, ಆದರೆ ಅದನ್ನು ಎರಡೂ ಕಡೆಯ ಯಂತ್ರ ಬಲ್ಲದ್ದಾಗಿರಬೇಕು.

ಇನ್ನು ಡಬ್ಬಿಗೆ ಬ್ಲೂಟೂತ್ ಕೂಡುತ್ತೋ ಇಲ್ಲವೋ ಅನ್ನೋದೇ ಮೊದಲ ಪ್ರಶ್ನೆ. ನಿಂಟೆಂಡೋ ಸ್ವಿಚ್ ಮಾರುಕಟ್ಟೆಗೆ ಬಂದಿದ್ದು 2017ರಲ್ಲಿ. ಬ್ಲೂಟೂತ್ ಹೆಡ್‌ಫೋನ್ ಅದಕ್ಕೆ ಒಗ್ಗಿದ್ದು 2021ರ ಸೆಪ್ಟೆಂಬರಿನಲ್ಲಿ, ನಾಲ್ಕು ವರ್ಷ ಕಳೆದ ಮೇಲೆ. ಆಗಲೂ ಬ್ಲೂಟೂತ್ ಮೈಕು ನಡೆಯಲಿಲ್ಲ. 2023ರ ಪ್ಲೇಸ್ಟೇಷನ್ ಪೋರ್ಟಲ್‌ಗೆ ಬ್ಲೂಟೂತ್ ಹೆಡ್‌ಫೋನ್ ಕೂಡುವುದೇ ಇಲ್ಲ. 2022ರ ಸ್ಟೀಮ್ ಡೆಕ್‌ನಲ್ಲಿ ಎರಡೂ ಇವೆ. ಮೂರಕ್ಕೂ ಸಮಾನವಾಗಿರೋದು ಒಂದೇ: ಹಳೇ 3.5 ಮಿಲಿಮೀಟರಿನ ದುಂಡನೆ ತೂತು. 1979ರ ವಾಕ್‌ಮನ್ ಕಾಲದ ತೂತು. 1989ರ ಗೇಮ್ ಬಾಯ್‌ನಲ್ಲೂ ಇದೇ ಇತ್ತು. ಅದರ ಸ್ಪೀಕರ್ ಒಂದೇ ಒಂದು, ಎಡಬಲ ಬೇರೆ ಕೇಳಬೇಕಾದರೆ ಕಿವಿಗೆ ಹಾಕಿಕೊಳ್ಳಲೇಬೇಕಿತ್ತು. ಅದೇ ಕಂಪನಿ 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ತೂತನ್ನೇ ತೆಗೆದುಹಾಕಿ, ಗಿರಾಕಿ ಬೇರೆ ಅಡಾಪ್ಟರ್ ಕೊಂಡು ಹಾಕುವಂತೆ ಮಾಡಿತ್ತು!

ನಮ್ಮ ಪೇಟೆಯಲ್ಲಿ ಹೆಚ್ಚು ಕಾಣೋದು ಇವ್ಯಾವೂ ಅಲ್ಲ. "400 ಆಟ ಒಂದರಲ್ಲೇ" ಅಂತ ಬರೆದಿರುವ ಚೀನಾ ಡಬ್ಬಿ. ಇಲ್ಲಿ ಒಂದು ಮೋಸದ ಗುಂಡಿ ಉಂಟು. ಇಂಥ ಎಷ್ಟೋ ಡಬ್ಬಿಗಳಲ್ಲಿ ಇರುವ ದುಂಡನೆ ತೂತು ಟಿ.ವಿ.ಗೆ ತಂತಿ ಹಾಕೋಕೆ, ಕಿವಿಗಲ್ಲ. ಪಕ್ಕದಲ್ಲಿ "ಎವಿ" ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಅದಕ್ಕೆ ಹೆಡ್‌ಫೋನ್ ತುರುಕಿ "ಬರೀ ಗುಂಯ್ ಅಂತದೆ" ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಂತರೆ ಉಪಯೋಗ ಇಲ್ಲ. ಕೊಳ್ಳುವ ಮುಂಚೆ ಕನ್ನಡಕ ಹಾಕಿಕೊಂಡು ಓದಿ.

ತೂತು ಸರಿಯಾಗಿದೆ ಅಂತಾದರೆ 300ರಿಂದ 600 ರೂಪಾಯಿಯ ಒಳಗೆ ಒಳ್ಳೇ ಇಯರ್‌ಫೋನ್ ಸಿಗುತ್ತೆ, ಬೆಂಗಳೂರಿನ ಎಸ್.ಪಿ. ರಸ್ತೆವರೆಗೆ ಹೋಗಬೇಕಾಗಿಲ್ಲ. ಪಿನ್ನು ನೆಟ್ಟಗಿರೋದಕ್ಕಿಂತ ಮೊಣಕೈಯಂತೆ ಬಾಗಿರೋದು ಮೇಲು. ಬಸ್ಸಿನ ನೂಕುನುಗ್ಗಲಿನಲ್ಲಿ ನೆಟ್ಟನೆ ಪಿನ್ನಿಗೆ ಯಾರದೋ ಚೀಲ ತಗುಲಿದರೆ ಹೋಗೋದು ಇಯರ್‌ಫೋನ್ ಅಲ್ಲ, ಡಬ್ಬಿಯ ತೂತು. ರಿಪೇರಿಯವನ ಬಿಲ್ಲು ಇಯರ್‌ಫೋನಿಗಿಂತ ದೊಡ್ಡದು. ಪಿನ್ನಿನ ಮೇಲೆ ಮೂರು ಕಪ್ಪು ಪಟ್ಟಿ ಇದ್ದರೆ ಮೈಕು ಉಂಟು, ಎರಡಿದ್ದರೆ ಇಲ್ಲ. ಒಬ್ಬನೇ ಕೂತು ಆಡುವ ಹುಡುಗನಿಗೆ ಎರಡೇ ಸಾಕು. ಡಬ್ಬಿಯ ಮೇಲೆ ಓಮ್ ಅಂತ ಅಂಕಿ ಇರುತ್ತೆ. 16 ಅಥವಾ 32 ಇರಲಿ. ಸ್ಟುಡಿಯೋದವರ 250 ಓಮಿನದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಸಣ್ಣ ಬ್ಯಾಟರಿಯ ಡಬ್ಬಿಯಲ್ಲಿ ಪಿಸುಮಾತು ಕೇಳುತ್ತೆ ಅಷ್ಟೆ.

ದೀಪ ಮಿನುಗುವ "ಗೇಮಿಂಗ್ ಹೆಡ್‌ಸೆಟ್" ಕಥೆ ಬೇರೆ. ಬಹಳಷ್ಟಕ್ಕೆ ಎರಡನೇ ಬಾಲ, ಯುಎಸ್‌ಬಿ ಪಿನ್ನು. ಅದಿರೋದು ದೀಪ ಉರಿಸೋಕೆ. "7.1" ಅಂತ ದಪ್ಪಕ್ಷರದಲ್ಲಿ ಇರೋದು ಸಾಮಾನ್ಯವಾಗಿ ಕಂಪ್ಯೂಟರಿನ ಸಾಫ್ಟ್‌ವೇರಿನ ಕರಾಮತ್ತು. ದುಂಡನೆ ತೂತಿನಿಂದ ಬರೋದು ಎಡ, ಬಲ ಎರಡೇ. ಇಲ್ಲದ ಆರು ಸ್ಪೀಕರಿಗೆ ಯಾಕೆ ದುಡ್ಡು?

ಇಷ್ಟೂ ದುಡ್ಡಿನ ಮಾತಾಯಿತು. ಕಿವಿಯ ಮಾತು ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ 40 ಗಂಟೆ. ಸದ್ದು 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ. ದೊಡ್ಡವರಿಗೇ 90ರಲ್ಲಿ ವಾರಕ್ಕೆ 4 ಗಂಟೆ, 100ರಲ್ಲಿ 20 ನಿಮಿಷ! ಬಸ್ಸಿನ ಇಂಜಿನ್ನೇ ಗುಡುಗುವಾಗ ಹುಡುಗ ಏನು ಮಾಡುತ್ತಾನೆ? ಸದ್ದು ಏರಿಸುತ್ತಾನೆ. ಹೋದ ಕಿವಿಗೆ ರಿಪೇರಿ ಅಂಗಡಿ ಇಲ್ಲ. ಅದಕ್ಕೇ ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ಬೆರಳಿನದು ಬಸ್ಸಿಗೆ ಒಳ್ಳೇದು. ಹೊರಗಿನ ಗದ್ದಲ ತಗ್ಗಿದರೆ ಒಳಗೆ ಏರಿಸಬೇಕಾಗಿಲ್ಲ. ಪ್ಯಾಕೆಟ್ಟಿನಲ್ಲಿ ಮೂರು ಅಳತೆಯ ರಬ್ಬರ್ ಇರುತ್ತೆ. ಮುಕ್ಕಾಲು ಪಾಲು ಜನ ಅದನ್ನು ಪ್ಯಾಕೆಟ್ಟಿನ ಜೊತೆಗೇ ಎಸೆಯುತ್ತಾರೆ ಅಂತ ನನ್ನ ಗುಮಾನಿ. ಸಣ್ಣದನ್ನು ಮಗುವಿಗೆ ಹಾಕಿ ನೋಡಿ. ಬಸ್ಸಿಳಿದು ರಸ್ತೆ ದಾಟುವಾಗ ಮಾತ್ರ ಎರಡೂ ಕಿವಿಯಿಂದ ಕಿತ್ತು ಜೇಬಿಗೆ ಹಾಕಿಸಿ, ಲಾರಿಯವನ ಹಾರ್ನು ಕೇಳಬೇಕಲ್ಲ.

ಅಂಗಡಿಯ ಯಜಮಾನರಿಗೂ ಒಂದು ಅರಿಕೆ. ಗಲ್ಲಾ ಪಕ್ಕ ಒಂದು ಜೊತೆ ಇಯರ್‌ಫೋನ್ ಬಿಚ್ಚಿಡಿ, ಗಿರಾಕಿಯ ಡಬ್ಬಿಗೇ ಹಾಕಿ ಎರಡು ನಿಮಿಷ ಆಡಿಸಿ. ಸದ್ದು ಅರ್ಧಕ್ಕಿಟ್ಟು, ಪಿನ್ನನ್ನು ಮೆಲ್ಲಗೆ ತಿರುಗಿಸಿ ನೋಡಲಿ. ಕರಕರ ಅಂದರೆ ಇನ್ನೊಂದು ತೆಗೆದುಕೊಡಿ, ತಾರೀಖು ಹಾಕಿದ ಬಿಲ್ಲೂ ಕೊಡಿ.