ಪ್ಲೇಗಿನ ಬೆನ್ನಿಗೆ ಹುಟ್ಟಿದ ಮಾಟುಂಗಾ

1896ರ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸಾಯುತ್ತಾ ಹೋದರು. ಪ್ರಾಣ ಉಳಿದರೆ ಸಾಕೆಂದು ಊರು ಬಿಟ್ಟು ಓಡಿದವರು ಲಕ್ಷಗಟ್ಟಲೆ. ನಗರವನ್ನು ಉತ್ತರಕ್ಕೆ ಹಿಗ್ಗಿಸದೆ ಗತಿಯಿಲ್ಲವೆಂದು ಸರ್ಕಾರಕ್ಕೆ ಮನವರಿಕೆಯಾಗಲು ಇಷ್ಟು ಸಾವು ಬೇಕಾಯಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗದ್ದೆ, ತೋಟ, ಉಪ್ಪಿನಾಗರಗಳಿದ್ದ ದಾದರ್, ಮಾಟುಂಗಾ, ವಡಾಲಾ, ಸಯಾನ್ ಕಡೆಯ ನೆಲವನ್ನು ಟ್ರಸ್ಟ್ ವಶಕ್ಕೆ ತೆಗೆದುಕೊಂಡಿತು. ರಸ್ತೆ, ಚರಂಡಿ, ಉದ್ಯಾನಗಳನ್ನು ಮೊದಲು ಗುರುತಿಸಿ, ಆಮೇಲೆ ಮನೆ ಕಟ್ಟಲು ನಿವೇಶನಗಳನ್ನು ಭೋಗ್ಯಕ್ಕೆ ಕೊಡುವ ಯೋಜನೆ ಅದು. ಇಂದಿಗೂ ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಸುತ್ತ ನಡೆದರೆ ಆ ನಕ್ಷೆ ಕಾಲಿಗೆ ತಿಳಿಯುತ್ತದೆ: ಅಗಲದ ಬೀದಿ, ಎರಡೂ ಬದಿಗೆ ಮರ, ಮರದೆತ್ತರದ ಹಳೆಯ ಕಟ್ಟಡಗಳು.

ನಕ್ಷೆ ಬರೆದವರಿಗೆ ಇಲ್ಲಿ ಯಾರು ಬಂದು ನೆಲೆಸುತ್ತಾರೆಂದು ಗೊತ್ತಿರಲಿಲ್ಲ. ಪಾರ್ಸಿಗಳ ವಿಷಯದಲ್ಲಿ ಮಾತ್ರ ಒಬ್ಬರಿಗೆ ಸ್ಪಷ್ಟವಾದ ಕನಸಿತ್ತು. ಟ್ರಸ್ಟಿನಲ್ಲೇ ಎಂಜಿನಿಯರ್ ಆಗಿದ್ದ ಮಂಚೆರ್ಜಿ ಜೋಶಿ, ಮಧ್ಯಮ ವರ್ಗದ ಪಾರ್ಸಿಗಳಿಗೆಂದು 103 ನಿವೇಶನಗಳನ್ನು ಕಾದಿರಿಸುವಂತೆ ಅಧಿಕಾರಿಗಳನ್ನು ಒಪ್ಪಿಸಿದರು. ದಾದರ್ ಪಾರ್ಸಿ ಕಾಲೊನಿ ಬೆಳೆದದ್ದು ಹಾಗೆ. ಅದಕ್ಕೆ ಸುತ್ತುಗೋಡೆಯಿಲ್ಲ, ಗೇಟಿಲ್ಲ. ಅಲ್ಲಿನ ಫೈವ್ ಗಾರ್ಡನ್ಸ್‌ನಲ್ಲಿ ಸಂಜೆ ಸುತ್ತಲಿನ ಎಲ್ಲ ಭಾಷೆಯ ಮಕ್ಕಳೂ ಆಡುತ್ತಾರೆ. ಮಗ್ಗುಲಿನ ಹಿಂದೂ ಕಾಲೊನಿಯಲ್ಲಿ 1930ರ ದಶಕದಲ್ಲಿ ಡಾ. ಅಂಬೇಡ್ಕರ್ ತಮ್ಮ ಪುಸ್ತಕಗಳಿಗಾಗಿಯೇ ಎಂಬಂತೆ ‘ರಾಜಗೃಹ’ ಕಟ್ಟಿಸಿದರು.

ಮಾಟುಂಗಾವನ್ನು ತುಂಬಿದವರು ಮುಖ್ಯವಾಗಿ ದಕ್ಷಿಣದ ಗುಮಾಸ್ತರು. ಇಂಗ್ಲಿಷ್, ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತ ತರುಣರು ರೈಲ್ವೆ, ಬ್ಯಾಂಕು, ಕಂಪನಿ ಕಚೇರಿಗಳ ಕೆಲಸ ಹುಡುಕಿ ಬಂದರು. ಮೊದಲು ಒಂದು ಖೋಲಿಯಲ್ಲಿ ನಾಲ್ಕೈದು ಜನ. ಸಂಬಳ ಸ್ವಲ್ಪ ಏರಿದ ಮೇಲೆ ಹೆಂಡತಿ ಮಕ್ಕಳು. ಆ ಹೊತ್ತಿಗೆ ಮಾಟುಂಗಾದಲ್ಲಿ ಹೊಸ ಬಗೆಯ ಮನೆ ಸಿದ್ಧವಾಗುತ್ತಿತ್ತು. ಅಡುಗೆಮನೆ, ಬಚ್ಚಲು, ಪಾಯಿಖಾನೆ ಎಲ್ಲವೂ ಒಂದೇ ಬಾಗಿಲೊಳಗಿರುವ ಫ್ಲ್ಯಾಟು. ಇತಿಹಾಸಕಾರ ನಿಖಿಲ್ ರಾವ್ 2013ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಫ್ಲ್ಯಾಟಿನ ಕಥೆಯನ್ನೇ ಹೇಳಿದ್ದಾರೆ. ಮಡಿ ಮೈಲಿಗೆಯ ಲೆಕ್ಕದಲ್ಲಿ ಹಿತ್ತಲಾಚೆ ಇರಬೇಕಾದದ್ದು ಅಡುಗೆಮನೆಯ ಗೋಡೆಗೆ ಬಂದು ಅಂಟಿಕೊಂಡಾಗ ಸಂಪ್ರದಾಯಸ್ಥ ಮನೆತನಗಳಿಗೆ ಮುಜುಗರವಾಗಿರಲೇಬೇಕು. ಆದರೆ ಚಾಳಿನಲ್ಲಿ ಯಾರು ಯಾರ ಜೊತೆಗೋ ಪಾಯಿಖಾನೆ ಹಂಚಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಅವರು ಒಪ್ಪಿಕೊಂಡರು. ಮಾಟುಂಗಾದ ಆಧುನಿಕತೆಯಲ್ಲಿ ಜಾತಿಯೂ ಹೀಗೆ ಒಳಗೇ ಉಳಿದುಕೊಂಡಿತು ಎಂಬುದನ್ನು ಮರೆಮಾಚಬಾರದು.

ರೈಲು ಹಳಿಯ ಆಚೆಗೆ ನೋಡಿದರೆ ಇದು ಇನ್ನೂ ನಿಚ್ಚಳ. ತಿರುನೆಲ್ವೇಲಿ ಕಡೆಯಿಂದ ಚರ್ಮದ ಕೆಲಸಕ್ಕೆ ಬಂದ ತಮಿಳರು ಧಾರಾವಿಯಲ್ಲಿ ನೆಲೆಸಿದರು, ಮಾಟುಂಗಾದ ಫ್ಲ್ಯಾಟುಗಳಲ್ಲಲ್ಲ. ಮರಾಠಿಯ ಜನಕವಿ, ಶಾಹೀರ ಅಣ್ಣಾಭಾವೂ ಸಾಠೆ ಬದುಕಿದ ಮಾಟುಂಗಾ ಲೇಬರ್ ಕ್ಯಾಂಪ್ ಇರುವುದೂ ಅದೇ ಮಗ್ಗುಲಲ್ಲಿ. ಒಂದೇ ಹೆಸರು, ಒಂದೇ ರೈಲು, ಎರಡು ಊರು.

ನೆಲೆಸಿದವರು ಮನೆ ಸಿಕ್ಕ ಬೆನ್ನಿಗೇ ಸಂಸ್ಥೆಗಳನ್ನು ಕಟ್ಟಿಕೊಂಡರು. ನನ್ನ ದೃಷ್ಟಿಯಲ್ಲಿ ಈ ಬಡಾವಣೆಯ ನಿಜವಾದ ಅಡಿಪಾಯ ಅದೇ. ಮೈಸೂರು ಸೀಮೆಯವರು 1926ರಲ್ಲಿ ಮೈಸೂರು ಅಸೋಸಿಯೇಷನ್ ಆರಂಭಿಸಿದರು. ಭಾವೂ ದಾಜಿ ರಸ್ತೆಯ ಅದರ ಸಭಾಂಗಣದಲ್ಲಿ ಕನ್ನಡ ನಾಟಕ, ಸಂಗೀತ, ಉಪನ್ಯಾಸ ಇಂದಿಗೂ ನಡೆಯುತ್ತವೆ, ‘ನೇಸರು’ ಮಾಸಪತ್ರಿಕೆ ಅಲ್ಲಿಂದಲೇ ಹೊರಡುತ್ತದೆ. ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ ಶುರುವಾದದ್ದು 1932ರಲ್ಲಿ. 1937ರಲ್ಲಿ ಸಿಖ್ಖರ ಖಾಲ್ಸಾ ಕಾಲೇಜು, ಅದೇ ವರ್ಷ ರೂಯಿಯಾ ಕಾಲೇಜು. ತಾಂತ್ರಿಕ ಶಿಕ್ಷಣ ಸಂಸ್ಥೆ ವಿಜೆಟಿಐ 1923ರಲ್ಲೇ ಇಲ್ಲಿಗೆ ಬಂದಿತ್ತು. ಮಾಟುಂಗಾ ಓದುವ ಹುಡುಗರ ಊರಾಯಿತು.

ಓದುವವರಿಗೂ ದುಡಿಯುವವರಿಗೂ ಊಟ ಬೇಕಿತ್ತು. ಆ ಕೆಲಸ ಕರಾವಳಿಯವರ ಪಾಲಿಗೆ ಬಂತು. ಉಡುಪಿ ಕಡೆಯಿಂದ ಹುಡುಗನಾಗಿ ಬಂದ ಎ. ರಾಮ ನಾಯಕ್ 1942ರಲ್ಲಿ ಸ್ಟೇಷನ್ ಪಕ್ಕದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅದಕ್ಕೂ ಮೊದಲು, 1936ರ ಹೊತ್ತಿಗೇ, ಕೆಫೆ ಮೈಸೂರು ನಡೆಸುತ್ತಿದ್ದರು. 1940ರಲ್ಲಿ ಕಾಮತರ ಕೆಫೆ ಮದ್ರಾಸ್ ಬಂತು. ಬಾಳೆಲೆಯ ಮೇಲೆ ಅನ್ನ, ಸಾರು, ಪಲ್ಯ, ಮಜ್ಜಿಗೆ. ಊರಿನಿಂದ ಒಬ್ಬಂಟಿಯಾಗಿ ಬಂದ ತರುಣನಿಗೆ ಕೈಗೆಟಕುವ ದರದಲ್ಲಿ ಎರಡು ಹೊತ್ತಿನ ಊಟ ಸಿಕ್ಕಿದ್ದರಿಂದಲೇ ಅವನು ನಗರದಲ್ಲಿ ತಳವೂರಿದ. ಬಡಿಸುವ ಹುಡುಗರ ಕಥೆಯನ್ನು ನಾವು ಇನ್ನಷ್ಟು ಗೌರವದಿಂದ ಹೇಳಬೇಕು. ಹಗಲೆಲ್ಲ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರು ಮುಂಬಯಿಯಲ್ಲಿ ಅಸಂಖ್ಯ. ಕೋಟೆ (ಫೋರ್ಟ್) ಪ್ರದೇಶದಲ್ಲಿ ಕರಾವಳಿಯ ಮೊಗವೀರರು 1908ರಲ್ಲಿ ಆರಂಭಿಸಿದ ಉಚಿತ ರಾತ್ರಿ ಶಾಲೆ ಅಂಥ ಎಷ್ಟೋ ಬದುಕುಗಳನ್ನು ಬದಲಿಸಿತು.

ಈ ಕರಾವಳಿಯವರು ಬಂದ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೇ ಸೇರಿತ್ತು. ಹಾಗಾಗಿ ತುಳುವರು, ಕೊಂಕಣಿಗರು, ತಮಿಳರು, ಮಲಯಾಳಿಗಳೆಲ್ಲ ನೆರೆಯವರ ಕಣ್ಣಿಗೆ ‘ಮದರಾಸಿ’ಗಳೇ. 1966ರಲ್ಲಿ ಶಿವಸೇನೆ ಹುಟ್ಟಿ, ಗುಮಾಸ್ತೆ ಕೆಲಸಗಳೆಲ್ಲ ದಕ್ಷಿಣದವರ ಪಾಲಾದವೆಂಬ ಸಿಟ್ಟು ಬೀದಿಗಿಳಿದಾಗ ಆ ಹಣೆಪಟ್ಟಿ ಅಪಾಯಕಾರಿಯಾಯಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಆದರೂ ಹೋಟೆಲುಗಳು ಮತ್ತೆ ಬಾಗಿಲು ತೆರೆದವು. ಮರಾಠಿ ಗಿರಾಕಿಗಳೂ ಮತ್ತೆ ಬಂದರು.

ಮಕ್ಕಳು ದೊಡ್ಡವರಾದಂತೆ ಅನೇಕ ದಕ್ಷಿಣದ ಮನೆತನಗಳು ಚೆಂಬೂರು, ಮುಲುಂಡ್, ಡೊಂಬಿವಲಿಗೆ ಹೋದವು. ಅವರ ಜಾಗಕ್ಕೆ ಕಚ್ಛಿ, ಗುಜರಾತಿ ವ್ಯಾಪಾರಿ ಮನೆತನಗಳು ಬಂದವು. ಆದರೂ ಮಾರುಕಟ್ಟೆಯಲ್ಲಿ ಮಲ್ಲಿಗೆ ದಂಡೆ, ಬಾಳೆಲೆ, ಆಗಷ್ಟೇ ಬೀಸಿದ ಕಾಫಿಪುಡಿ ಸಿಗುತ್ತವೆ. ಭಾನುವಾರ ಬೆಳಗ್ಗೆ ಕೆಫೆಗಳ ಮುಂದೆ ಸಾಲು ನಿಲ್ಲುವವರಲ್ಲಿ ಗುಜರಾತಿ, ಮರಾಠಿ ಮಾತು ಕೇಳುವುದೇ ಹೆಚ್ಚು. ಕೈಗೆ ಬರುವುದು ರಾಗಿ ದೋಸೆ, ರಸಂ ವಡೆ.

ಈಗ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿವೆ. ಸಣ್ಣ ಸಂಬಳದ ಹೊಸಬನಿಗೆ ಇಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಅವನು ಕಲ್ಯಾಣ್ ಆಚೆಗೋ ನವಿ ಮುಂಬಯಿಗೋ ಹೋಗಬೇಕು. ಟ್ರಸ್ಟ್ ನಕ್ಷೆ ಬರೆದಾಗ ನಗರಕ್ಕೆ ಇನ್ನೂ ಬರದವರಿಗೂ ಅದರಲ್ಲಿ ಜಾಗವಿತ್ತು. ಈಗಿನ ನಕ್ಷೆಗಳಲ್ಲಿ ಆ ಜಾಗ ಎಲ್ಲಿದೆ ಎಂದು ಮುಂಬಯಿ ಮಹಾನಗರ ಪಾಲಿಕೆಯನ್ನು ಕೇಳಬೇಕಾಗಿದೆ.